ಹಿಂದಿನ ಆರೈಕೆ: ಇಲ್ಲ

ನನ್ನ ಬಾಯಿ ಸ್ವಲ್ಪ ಜೋರು. ಅದನ್ನು ಮೊದಲೇ ಹೇಳಿಬಿಡುತ್ತೇನೆ. ಆಮೇಲೆ ಯಾರೂ ಈ ಜೋಸ್ಫಿನ್ ಸುಮ್ಮನೆ ಬೊಬ್ಬೆ ಹೊಡೆಯುತ್ತಾಳೆ ಅಂತ ಹೇಳುವುದು ಬೇಡ. ಹನ್ನೊಂದು ವರ್ಷ ದುಬೈಯ ಒಂದು ದೊಡ್ಡ ಆಸ್ಪತ್ರೆಯ ಐಸಿಯುನಲ್ಲಿ ನರ್ಸ್ ಆಗಿದ್ದವಳು ನಾನು. ಅಲ್ಲಿ ಮೆಲ್ಲ ಮಾತಾಡಿದರೆ ಯಾರಿಗೂ ಕೇಳುವುದಿಲ್ಲ.

ನನ್ನ ಅತ್ತೆ 2014ರಲ್ಲಿ ಕಿನ್ನಿಗೋಳಿಯಿಂದ ನಮ್ಮಲ್ಲಿಗೆ ಬಂದದ್ದು ಮೊಮ್ಮಗ ಶರ್ವಿನ್‌ಗೆ ಚರ್ಚಿನಲ್ಲಿ ಮೊದಲ ಪ್ರಸಾದ ಕೊಡುವ ಫಸ್ಟ್ ಕಮ್ಯುನಿಯನ್ನಿಗೆ. ನಮ್ಮ ಕೊಂಕಣಿಯಲ್ಲಿ ಅತ್ತೆಗೆ ಮಾಂಯ್ ಅನ್ನುವುದು. ಬರುವಾಗ ಒಂದು ಪೆಟ್ಟಿಗೆ ತುಂಬ ಹಪ್ಪಳ, ಸಾಂಬಾರ ಪುಡಿ, ಒಣ ಸಿಗಡಿ ತಂದಿದ್ದರು. ಜುಲೈಯಲ್ಲಿ ವಾಪಸು ಹೋಗಬೇಕು ಅನ್ನುವಾಗ ಬಾತ್‌ರೂಮಿನಲ್ಲಿ ಬಿದ್ದರು. ಸ್ಟ್ರೋಕ್. ಬಲಗೈ, ಬಲಗಾಲು, ಮಾತು ಮೂರೂ ಒಟ್ಟಿಗೇ ಹೋಯಿತು. ಊಟ ಮೂಗಿನ ಟ್ಯೂಬಿನಲ್ಲಿ. ಇಡೀ ಕೇರಿಗೇ ಕೇಳುವ ಹಾಗೆ ನಗುತ್ತಿದ್ದ ಹೆಂಗಸು ಕಣ್ಣು ಮಾತ್ರ ಆಡಿಸಿಕೊಂಡು ಮಲಗಿದ್ದನ್ನು ನೋಡಿದರೆ ಹೇಳಿ ಸುಖ ಇಲ್ಲ.

ನನ್ನ ಗಂಡ ಸ್ಟೀಫನ್ ಪಾಯ್ಸ್ ಮಾಂಯ್‌ಗೆ ಒಬ್ಬನೇ ಮಗ. ಸೊಸೆ ನರ್ಸ್. ಹಾಗಾದ ಮೇಲೆ ಕೇಳುವುದೇನು? ಯಾರೂ ನನ್ನನ್ನು ಕೇಳಲೂ ಇಲ್ಲ, ನಾನೂ ಕೇಳಿಸಿಕೊಳ್ಳಲಿಕ್ಕೆ ಕಾಯಲಿಲ್ಲ. ಜುಲೈ ಮೂವತ್ತೊಂದಕ್ಕೆ ಕೆಲಸ ಬಿಟ್ಟೆ. ಆಗಸ್ಟ್ ಒಂದರಿಂದ ಬರ್ ದುಬೈಯ ನಮ್ಮ ಒಂದು ಬೆಡ್‌ರೂಮಿನ ಫ್ಲಾಟೇ ನನ್ನ ವಾರ್ಡ್. ಪೇಷಂಟ್ ಒಬ್ಬರು, ನರ್ಸ್ ಒಬ್ಬಳು, ಶಿಫ್ಟ್ ಇಪ್ಪತ್ತನಾಲ್ಕು ಗಂಟೆ.

ಮಲಗಿದಲ್ಲೇ ಇರುವವರನ್ನು ಎರಡು ಗಂಟೆಗೊಮ್ಮೆ ಮಗ್ಗುಲು ತಿರುಗಿಸಬೇಕು. ಹಗಲೂ, ರಾತ್ರಿಯೂ. ಇಲ್ಲದಿದ್ದರೆ ಒಂದೇ ಕಡೆ ಭಾರ ಬಿದ್ದು ಚರ್ಮ ಸಾಯುತ್ತದೆ, ಹುಣ್ಣಾಗುತ್ತದೆ. ಬೆಡ್‌ಸೋರ್ ಅಂತ ಹೆಸರು. ಐಸಿಯುನಲ್ಲಿ ನಾನು ಕಂಡ ಕೆಲವು ಹುಣ್ಣುಗಳಲ್ಲಿ ಮೂಳೆ ಕಾಣುತ್ತಿತ್ತು. ಮಾಂಯ್‌ಗೆ ಒಂದೇ ಒಂದು ಆಗಲಿಕ್ಕೆ ಬಿಡಲಿಲ್ಲ ನಾನು. ಇಪ್ಪತ್ತೊಂದು ತಿಂಗಳು! ಮಂಡಿ ಸವೆಯಿತು, ಸೊಂಟ ಹೋಯಿತು, ಆದರೆ ಅವರ ಬೆನ್ನು ಮಗುವಿನ ಬೆನ್ನಿನ ಹಾಗೆ ಇತ್ತು. ಇದನ್ನು ಜಂಬ ಅಂದರೆ ಜಂಬವೇ.

ಕೆಲಸ ಬಿಟ್ಟ ಮೇಲೆ ನನ್ನ ವೀಸಾ ಸ್ಟೀಫನ್‌ನ ಕೆಳಗೆ ಬಂತು. ಉದ್ಯೋಗ ಅನ್ನುವಲ್ಲಿ ಹೌಸ್‌ವೈಫ್. ಅದರ ಕೆಳಗೆ ಇನ್ನೊಂದು ಸಾಲು, ಕೆಲಸ ಮಾಡಲು ಅನುಮತಿ ಇಲ್ಲ. ಅದನ್ನು ಓದಿದ ದಿನ ನಾನು ಬೆಳಿಗ್ಗೆಯಿಂದ ಮೂರು ಬೆಡ್‌ಶೀಟ್ ಒಗೆದು ಬಾಲ್ಕನಿಯಲ್ಲಿ ಹಾಕಿದ್ದೆ.

ಸ್ಟೀಫನ್‌ನ ಆಫೀಸು ಜುಮೇರಾ ಲೇಕ್ ಟವರ್ಸಿನಲ್ಲಿ, ಇಪ್ಪತ್ತಮೂರನೇ ಮಾಳಿಗೆ. ಅವರದ್ದು ಅಂಕಿಅಂಶದ ಕಂಪನಿ. ದೇಶದಲ್ಲಿ ಒಂದು ವರ್ಷಕ್ಕೆ ಏನೆಲ್ಲ ತಯಾರಾಯಿತು, ಯಾರು ಯಾರಿಗೆ ಏನು ಸೇವೆ ಮಾರಿದರು, ಅದರ ಒಟ್ಟು ಬೆಲೆ ಎಷ್ಟು, ಅಂದರೆ ಜಿಡಿಪಿ, ಅದರ ಮೇಲೆ ವರದಿ ಬರೆಯುವುದು. ಒಳ್ಳೆಯವನೇ. ಕುಡಿಯುವುದಿಲ್ಲ, ಬೈಯುವುದಿಲ್ಲ. ಆದರೆ ಯಾವುದಕ್ಕೂ ಒಂದು ಸಂಖ್ಯೆ ಸಿಗದೆ ಅವನಿಗೆ ಊಟ ಸೇರುವುದಿಲ್ಲ. ಆ ವರ್ಷ, 2016ರ ಫೆಬ್ರವರಿಯಲ್ಲಿ, ಮೀನಿನ ಸಾರಿಗೆ ಅನ್ನ ಕಲಸಿಕೊಳ್ಳುತ್ತಾ ಹೇಳಿದ್ದ, "ಈ ಸಲ ಫೆಬ್ರವರಿಗೆ ಒಂದು ದಿನ ಹೆಚ್ಚು ಉಂಟಲ್ಲ ಜೋಸ್ಫಿನ್, ಒಂದು ದಿನದ ಉತ್ಪಾದನೆ ಹೆಚ್ಚು. ನಾವು ಅದನ್ನೂ ಸರಿಮಾಡಿಯೇ ಕೊಡುವುದು. ಒಂದು ದಿನ ಅಂದರೆ ಸಣ್ಣ ಮಾತಲ್ಲ!" ಅವನ ಮುಖದಲ್ಲಿ ಎಂಥ ಸಂತೋಷ ಅಂತೀರಿ.

"ಈ ಸಾರು ಮಾಡಿದ್ದು ಅದರಲ್ಲಿ ಬರುತ್ತದಾ?" ಅಂತ ಕೇಳಿದೆ.

"ಮೀನು ಕೊಂಡದ್ದು ಬರುತ್ತದೆ. ಗ್ಯಾಸ್ ಬರುತ್ತದೆ. ನೀನು ಮಾಡಿದ್ದು ಬರುವುದಿಲ್ಲ. ಇದನ್ನೇ ಕೆಳಗಿನ ಹೋಟೆಲಿನವ ಮಾಡಿದರೆ ಬರುತ್ತದೆ."

"ಹೋಟೆಲಿನವನ ಸಾರು ನಿನಗೆ ಇಳಿಯುತ್ತದಾ?"

"ರುಚಿಯ ವಿಷಯ ಅಲ್ಲ ಮಾರಾಯ್ತಿ. ಮಾರಾಟ ಆಗಬೇಕು." ಅವನಿಗೆ ಹುರುಪು ಬಂತು. "ಈಗ ನೋಡು. ಅಕ್ಕಪಕ್ಕದ ಮನೆಯ ಇಬ್ಬರು ಹೆಂಗಸರು ತಮ್ಮ ತಮ್ಮ ಮನೆಯ ರೋಗಿಯನ್ನು ನೋಡಿಕೊಂಡರೆ ಸೊನ್ನೆ. ಅದೇ ಇವಳು ಅವಳ ಮನೆಗೆ, ಅವಳು ಇವಳ ಮನೆಗೆ ಸಂಬಳಕ್ಕೆ ಹೋದರು ಅಂತ ಇಟ್ಟುಕೋ. ಕೆಲಸ ಅದೇ, ರೋಗಿಗಳು ಅವರೇ. ಆದರೆ ಎರಡೂ ಲೆಕ್ಕಕ್ಕೆ ಬಂತು! ಅದು ನಮ್ಮ ಅಳತೆಯ ಒಂದು ಕೊರತೆ, ನಾವೇ ಒಪ್ಪುತ್ತೇವೆ." ಕೊರತೆಯನ್ನೂ ಅಷ್ಟು ಖುಷಿಯಲ್ಲಿ ಹೇಳುವವರನ್ನು ನಾನು ಬೇರೆ ಕಂಡಿಲ್ಲ.

ಮಾಂಯ್‌ಯನ್ನು ತಿರುಗಿಸುವ ಗಂಟೆ ಆಗಿತ್ತು. ಸಾರಿನ ಕೈ ತೊಳೆದು ಎದ್ದು ಹೋದೆ.

ಏಪ್ರಿಲಿನಲ್ಲಿ ನನ್ನ ಹಳೆ ಆಸ್ಪತ್ರೆಯಿಂದ ಫೋನ್ ಬಂತು. ಐಸಿಯುನಲ್ಲಿ ಒಂದು ಜಾಗ ಖಾಲಿ ಉಂಟು, ಆಗಸ್ಟಿಗೆ ಬರುತ್ತೀಯಾ ಅಂತ. ಫೋನ್ ಇಟ್ಟು ಅಡುಗೆಮನೆಯಲ್ಲಿ ನಿಂತು ಕಣ್ಣೀರು ಹಾಕಿದೆ ನಾನು, ಸಂತೋಷಕ್ಕೆ. ನನಗೆ ನನ್ನ ಕೆಲಸ ಬೇಕಿತ್ತು. ಯಾರಾದರೂ ಸಿಸ್ಟರ್ ಅಂತ ಕರೆದು ಓಡಿ ಬರುವುದು ಬೇಕಿತ್ತು. ಮಾಂಯ್‌ಯನ್ನು ಬಿಡಬೇಕು ಅಂತಲ್ಲ, ಹಗಲು ಯಾರನ್ನಾದರೂ ಇಡುವ, ರಾತ್ರಿ ನಾನು ಇದ್ದೇನಲ್ಲ ಅಂತ ಮನಸ್ಸಿನಲ್ಲೇ ಹೊಂದಿಸಿದೆ.

ಆದರೆ ಲೈಸೆನ್ಸ್. ಎರಡು ವರ್ಷ ಕೆಲಸದಲ್ಲಿ ಇಲ್ಲದ ನರ್ಸಿನ ಲೈಸೆನ್ಸ್ ಹೋಗುತ್ತದೆ. ನನಗೆ ಜುಲೈ ಮೂವತ್ತೊಂದು ಕೊನೆಯ ದಿನ. ಅದು ದಾಟಿದರೆ ಪುನಃ ಪರೀಕ್ಷೆ, ಪುನಃ ಸಂಬಳ ಇಲ್ಲದ ಟ್ರೈನಿಂಗ್. ನಲವತ್ತೊಂದು ವರ್ಷದವಳನ್ನು ಆಮೇಲೆ ಯಾರು ಕಾಯುತ್ತಾರೆ? ಅಷ್ಟರೊಳಗೆ ಎಲ್ಲಾದರೂ ಮೂರು ತಿಂಗಳು ಕೆಲಸ ಮಾಡಿದ ಪತ್ರ ತಂದರೆ ಸಾಕು ಅಂದರು ಲೈಸೆನ್ಸ್ ಕಚೇರಿಯವರು. ನಾನು ಕಚೇರಿಯ ಕೌಂಟರಿಗೇ ಹೋಗಿ ಕೇಳಿದೆ. ಟ್ಯೂಬ್ ಫೀಡಿಂಗ್, ಮೂತ್ರದ ಕ್ಯಾಥೆಟರ್, ಇಪ್ಪತ್ತೊಂದು ತಿಂಗಳು ಒಂದು ಹುಣ್ಣಿಲ್ಲ, ಎಲ್ಲ ಹೇಳಿದೆ. ಆ ಹುಡುಗಿ ಪಾಪ, ಮೆತ್ತಗೆ ಹೇಳಿದಳು, "ಅದು ನಿಮ್ಮ ಫ್ಯಾಮಿಲಿ ಅಲ್ಲವಾ ಮೇಡಂ. ಕೆಲಸ ಎಲ್ಲಿ ಮಾಡಿದಿರಿ?"

ಮಂಡೆ ಬಿಸಿಯಾಯಿತು. ಅವಳ ಮೇಲೆ ಕೂಗಿ ಏನು ಪ್ರಯೋಜನ? ಟ್ಯಾಕ್ಸಿಯಲ್ಲಿ ಬರುವಾಗ ಸ್ಟೀಫನ್‌ನ ಆ ಇಬ್ಬರು ಹೆಂಗಸರು ನೆನಪಾದರು. ಎಲ್ಸಿಗೆ ಫೋನ್ ಮಾಡಿದೆ.

ಎಲ್ಸಿ ನನ್ನ ನರ್ಸಿಂಗ್ ಬ್ಯಾಚಿನವಳು, ನೆಲ್ಯಾಡಿಯ ಕಡೆಯವಳು. ಮನೆಯಲ್ಲಿ ಮಲಯಾಳ, ನನ್ನ ಹತ್ತಿರ ಕನ್ನಡ, ಬೈಯುವಾಗ ತುಳು. ಗಂಡ ಮದೀನತ್ ಜಾಯೆದ್‌ನ ಗ್ಯಾಸ್ ಪ್ಲಾಂಟಿನಲ್ಲಿ, ತಿಂಗಳಿಗೆ ಎರಡು ಸಲ ಬರುವುದು. ಅವಳು ಮನೆಮನೆಗೆ ನರ್ಸುಗಳನ್ನು ಕಳಿಸುವ ಒಂದು ಕಂಪನಿಯಲ್ಲಿದ್ದಳು. ಹಗಲು ಹನ್ನೆರಡು ಗಂಟೆ ಯಾರದೋ ಬಂಗಲೆಯಲ್ಲಿ ಯಾರದೋ ಅಜ್ಜನನ್ನು ತಿರುಗಿಸುತ್ತಿದ್ದಳು. ಕರಾಮದ ಫ್ಲಾಟಿನಲ್ಲಿ ಸೊಂಟ ಮುರಿದು ಮಲಗಿದ ಅವಳ ಸ್ವಂತ ಅಪ್ಪ ಥಾಮಸ್ ಅಂಕಲನ್ನು ತಿರುಗಿಸಲಿಕ್ಕೆ ಜನ ಇರಲಿಲ್ಲ. ಮನೆಕೆಲಸದವಳು ಎರಡು ಗಂಟೆ ಬಂದು ಹೋಗುವುದು. ಅಂಕಲಿನ ಸೊಂಟದಲ್ಲಿ ಆಗಲೇ ಹುಣ್ಣಾಗಿತ್ತು.

"ನಿನ್ನ ಕಂಪನಿಗೆ ನನ್ನನ್ನು ಸೇರಿಸು. ನಾನು ನಿನ್ನ ಅಪ್ಪನ ಹತ್ತಿರ ಬರುತ್ತೇನೆ. ನೀನು ನನ್ನ ಮಾಂಯ್‌ಯ ಹತ್ತಿರ ಬಾ," ಅಂದೆ.

"ನಿನಗೆ ಮರುಳಾ? ನಮ್ಮ ನಮ್ಮವರನ್ನು ನಾವೇ ನೋಡಿಕೊಳ್ಳಬಹುದಲ್ಲ."

"ನೋಡಿಕೊಂಡರೆ ನನ್ನ ಲೈಸೆನ್ಸ್ ಹೋಗುತ್ತದೆ, ನಿನ್ನ ಸಂಬಳ ಹೋಗುತ್ತದೆ. ಸ್ವಂತದವರ ಹತ್ತಿರ ಕಂಪನಿ ಕಳಿಸುತ್ತದಾ?"

"ಇಲ್ಲ, ರೂಲ್ಸ್ ಇಲ್ಲ," ಅಂದಳು. ಆಮೇಲೆ, "ನೀನು ನೋಡಿದರೆ ಅಪ್ಪನ ಹುಣ್ಣು ಒಣಗುತ್ತದೆ ಜೋಸ್ಫಿನ್," ಅಂದಳು.

ಸ್ಟೀಫನ್ ಹೊಟ್ಟೆ ಹುಣ್ಣಾಗುವಷ್ಟು ನಕ್ಕ. ನಾನು ಹೇಳಿದ ಉದಾಹರಣೆಯನ್ನು ನೀನು ನಿಜ ಮಾಡಿದಿಯಲ್ಲ ಅಂತ. ಹೆಂಡತಿ ಕೆಲಸಕ್ಕೆ ಹೋಗಲು ಗಂಡನ ಆಕ್ಷೇಪ ಇಲ್ಲ ಅನ್ನುವ ಕಾಗದಕ್ಕೆ ಸಹಿ ಹಾಕಿದ. ಮಾಂಯ್‌ಗೆ ನರ್ಸ್ ಬೇಕು ಅನ್ನುವ ಕಂಪನಿಯ ಫಾರ್ಮನ್ನೂ ಅವನೇ ತುಂಬಿದ, ಅವನ ಅಕ್ಷರ ಚಂದ ಅಂತ. ನಾನು ಆಗ ಮಾಂಯ್‌ಗೆ ಟ್ಯೂಬಿನಲ್ಲಿ ಗಂಜಿ ಕೊಡುತ್ತಿದ್ದೆ. ಏನು ಬರೆದ ಅಂತ ನೋಡಲಿಲ್ಲ.

ಮೇ ಒಂದು, ಭಾನುವಾರ, ದುಬೈಯಲ್ಲಿ ವಾರದ ಮೊದಲ ಕೆಲಸದ ದಿನ. ಬೆಳಿಗ್ಗೆ ಆರೂವರೆಗೆ ಎಲ್ಸಿ ಒಳಗೆ ಬಂದಳು, ನಾನು ಹೊರಗೆ ಹೋದೆ. ಮಾಂಯ್‌ಗೆ ಹಿಂದಿನ ದಿನವೇ ಹೇಳಿದ್ದೆ, ಮೂರು ತಿಂಗಳು ಮಾತ್ರ ಹೀಗೆ, ಎಲ್ಸಿ ನನ್ನ ತಂಗಿಯ ಹಾಗೆ ಅಂತ. ಮಾಂಯ್ ಆಡುವ ಎಡಗೈಯಲ್ಲಿ ನನ್ನ ಮಣಿಕಟ್ಟು ಹಿಡಿದುಕೊಂಡರು. ಬಿಡಿಸಿಕೊಂಡು ಹೋದೆ. ಲಿಫ್ಟಿನಲ್ಲಿ ನನ್ನ ಬಿಳಿ ಯೂನಿಫಾರಂ ನೋಡಿ ಮೇಲಿನ ಮನೆಯವರು, "ಓಹ್, ಪುನಃ ಕೆಲಸ ಶುರುವಾ?" ಅಂತ ಕೇಳಿದರು. "ಹೌದು, ಶುರು," ಅಂದೆ. ಸುಳ್ಳು ಹೇಳುವುದಿಲ್ಲ, ಒಳಗೆ ತಂಪಾಯಿತು.

ಥಾಮಸ್ ಅಂಕಲ್ ಬಾಯಿ ತುಂಬ ಮಾತಿನವರು. ಡ್ರೆಸ್ಸಿಂಗ್ ಮಾಡುವಾಗ ರಬ್ಬರ್ ತೋಟದ ಕಥೆ, ತಿರುಗಿಸುವಾಗ ಹಂದಿ ಬೇಟೆಯ ಕಥೆ. ಐದು ವಾರದಲ್ಲಿ ಅವರ ಹುಣ್ಣು ಕೆಂಪು ಬಿಟ್ಟು ಗುಲಾಬಿಗೆ ಬಂತು, ಎಂಟು ವಾರಕ್ಕೆ ಮುಚ್ಚಿತು. ಕಂಪನಿಯ ಮ್ಯಾನೇಜರ್ ಜುಬೈದ ಮೇಡಂ ಬಂದು ನೋಡಿ, "ಮಾಶಾ ಅಲ್ಲಾ ಸಿಸ್ಟರ್!" ಅಂದರು. ಅವರು ಉಪ್ಪಳದವರು, ಕನ್ನಡ ಚೆನ್ನಾಗಿ ಬರುತ್ತದೆ. ಕಂಪನಿಯ ಫೈಲಿನಲ್ಲಿ ಅದರ ಫೋಟೋ ಹಾಕಿದರು.

ಇಲ್ಲಿ ಮಾಂಯ್‌ಯ ಮಂಚದ ಹತ್ತಿರ ಕಂಪನಿಯವರು ಒಂದು ಚಾರ್ಟ್ ನೇತು ಹಾಕಿದ್ದರು. ಎರಡು ಗಂಟೆಗೊಂದು ಚೌಕ. ತಿರುಗಿಸಿದಾಗ ಎಲ್ಸಿ ಟಿಕ್ ಹಾಕಬೇಕು. ಸ್ಟೀಫನ್‌ಗೆ ಆ ಚಾರ್ಟ್ ಅಂದರೆ ಪ್ರಾಣ. ಸಂಜೆ ಬಂದ ಕೂಡಲೇ ಅಮ್ಮನನ್ನು ನೋಡುವ ಮೊದಲು ಅದನ್ನು ನೋಡುವುದು, ಕಂಪ್ಯೂಟರಿನಲ್ಲಿ ಏರಿಸುವುದು. "ನೂರಕ್ಕೆ ನೂರು ಜೋಸ್ಫಿನ್! ನಿನ್ನ ಕಾಲದಲ್ಲಿ ಒಂದು ಕಾಗದ ಇರಲಿಲ್ಲ, ಹೇಗೆ ನಡೆಯುತ್ತದೆ ಅಂತ ಗೊತ್ತೇ ಆಗುತ್ತಿರಲಿಲ್ಲ." ನನ್ನ ಕಾಲ ಅಂತೆ. ನಾನು ಸತ್ತು ಹೋದವಳಾ?

ಶುರುವಿನಲ್ಲಿ ನಾನು ರಾತ್ರಿ ಬಂದು ದಿನವೂ ಮಾಂಯ್‌ಯ ಬೆನ್ನು ನೋಡುತ್ತಿದ್ದೆ. ಆಮೇಲೆ ಆಯಾಸ. ಹನ್ನೆರಡು ಗಂಟೆ ಅಲ್ಲಿ, ಬಂದು ಅಡುಗೆ, ಶರ್ವಿನ್‌ನ ಹೋಂವರ್ಕ್, ರಾತ್ರಿ ಎದ್ದೆದ್ದು ತಿರುಗಿಸುವುದು. ಶರ್ವಿನ್ ಅದೇ ರೂಮಿನಲ್ಲಿ ಮಲಗುವುದು, ಅವನಿಗೆ ಎಚ್ಚರ ಆಗಬಾರದು ಅಂತ ಲೈಟ್ ಹಾಕದೆ ತಿರುಗಿಸುತ್ತಿದ್ದೆ. ಬೆಳಿಗ್ಗೆ ಪ್ಯಾಡ್ ಬದಲಾಯಿಸುವುದನ್ನೂ ಎಲ್ಸಿಗೇ ಬಿಟ್ಟೆ. ಶುಕ್ರವಾರ ರಜೆಯ ದಿನ ಮಾತ್ರ ನಾನೇ ಮೈ ಒರೆಸಿ ಪೂರ್ತಿ ನೋಡುವುದು. ಈದ್ ವಾರದ ಶುಕ್ರವಾರ ನನಗೆ ಡ್ಯೂಟಿ ಬಿತ್ತು. ಹಾಗೆ ಹದಿನಾಲ್ಕು ದಿನ ನಾನು ನೋಡಿದ್ದು ಚಾರ್ಟನ್ನು. ಸ್ಟೀಫನ್‌ನನ್ನು ಮಾತ್ರ ಬೈದರೆ ಅದು ನ್ಯಾಯ ಆಗುವುದಿಲ್ಲ. ನಾನೂ ಟಿಕ್ ನೋಡಿ ಮಲಗಿದವಳೇ.

ಆ ದಿನಗಳಲ್ಲಿ ಮಾಂಯ್ ನರಳುತ್ತಿದ್ದರು. ಶರ್ವಿನ್ ಒಮ್ಮೆ, "ಮಮ್ಮಾ, ಗ್ರ್ಯಾನಿ ಈಸ್ ಕ್ರೈಯಿಂಗ್," ಅಂದ. ಸ್ಟೀಫನ್ ಚಾರ್ಟ್ ನೋಡಿ, "ಎಲ್ಲ ಸರಿ ಉಂಟಲ್ಲ," ಅಂದ.

ಜುಲೈ ಹದಿನೈದು, ಶುಕ್ರವಾರ. ಬಿಸಿನೀರು, ಟವೆಲ್ ತೆಗೆದುಕೊಂಡು ಪ್ಯಾಡ್ ಬಿಚ್ಚಿದೆ. ವಾಸನೆ ಮೊದಲು ಬಂತು. ಸೊಂಟದ ಕೆಳಗೆ, ಬೆನ್ನೆಲುಬು ಮುಗಿಯುವಲ್ಲಿ, ದಿರ್ಹಮ್ ನಾಣ್ಯದಷ್ಟು ಕಪ್ಪು. ಸುತ್ತ ಕೆಂಪು. ಒತ್ತಿದರೆ ಒಳಗೆ ಮೆತ್ತಗೆ. ಟವೆಲ್ ಹಿಡಿದುಕೊಂಡೇ ನೆಲದಲ್ಲಿ ಕೂತುಬಿಟ್ಟೆ. ಮಾಂಯ್‌ಯ ಮೈ ಮುಟ್ಟಿದರೆ ಜ್ವರ ಸುಡುತ್ತಿತ್ತು.

ಆಂಬುಲೆನ್ಸ್ ಬಂತು. ಅದರಲ್ಲಿ ಮಾಂಯ್‌ಯ ಕೈ ಹಿಡಿದು ಕೂತಿದ್ದ ಸ್ಟೀಫನ್‌ಗೆ ನಾನು ಹೇಳಬಾರದ್ದು ಹೇಳಿದೆ. "ಈಗ ಖುಷಿಯಾ? ಆಂಬುಲೆನ್ಸ್ ಬರುತ್ತದೆ ನಿನ್ನ ಜಿಡಿಪಿಯಲ್ಲಿ. ಆಸ್ಪತ್ರೆ ಬರುತ್ತದೆ, ಆಪರೇಷನ್ ಬರುತ್ತದೆ, ಆಂಟಿಬಯೋಟಿಕ್ ಬರುತ್ತದೆ. ಇಪ್ಪತ್ತೊಂದು ತಿಂಗಳು ಹುಣ್ಣು ಆಗದೆ ಇದ್ದದ್ದು ಮಾತ್ರ ಎಲ್ಲೂ ಬರಲಿಲ್ಲ. ಹುಣ್ಣಾದ ಮೇಲೆ ಎಷ್ಟು ಏರಿತು ನೋಡು!" ಅವನು ಅಮ್ಮನ ಮುಖವನ್ನೇ ನೋಡುತ್ತಾ ಕೂತಿದ್ದ.

ಮರುದಿನ ಎಲ್ಸಿ ಆಸ್ಪತ್ರೆಯ ಕಾರಿಡಾರಿಗೆ ಬಂದಳು. ನಾನು ಹೋಗಿ ಅವಳ ತೋಳು ಹಿಡಿದು ಅಲುಗಾಡಿಸಿದೆ. "ಟಿಕ್ ಹಾಕಿದ್ದೀಯಲ್ಲ! ಎಲ್ಲ ಚೌಕದಲ್ಲೂ ಟಿಕ್ ಉಂಟಲ್ಲ! ನನ್ನ ಮಾಂಯ್‌ಯದ್ದು ಮೈ ಅಲ್ಲವಾ?"

ಅವಳು ಗೋಡೆಗೆ ಒರಗಿ ಅತ್ತಳು. ರಂಜಾನ್ ಮುಗಿಯುವಾಗ ಕಂಪನಿಯಲ್ಲಿ ಅರ್ಧ ಜನ ರಜೆಯ ಮೇಲೆ ಹೋದರಂತೆ. ಮಧ್ಯಾಹ್ನ ಹನ್ನೆರಡರಿಂದ ಐದರ ತನಕ ಇನ್ನೊಂದು ಮನೆಗೆ ಹೋಗು ಅಂದರಂತೆ, ನಾಲ್ಕು ದಿನ ಅಂತ ಹೇಳಿ ಹನ್ನೆರಡು ದಿನ ಆಯಿತಂತೆ. ಚಾರ್ಟ್ ಖಾಲಿ ಬಿಡಬೇಡ ಅಂದರಂತೆ. ನನಗೆ ಹೇಳಿದರೆ ನಾನು ಕಂಪನಿಗೆ ಹೋಗಿ ಜಗಳ ಮಾಡುತ್ತೇನೆ, ಅವಳ ಕೆಲಸ ಹೋಗುತ್ತದೆ ಅಂತ ಹೆದರಿದಳಂತೆ. ಕೆಂಪಾದದ್ದು ಕಂಡಿದ್ದಳು. ಕ್ರೀಮ್ ಹಚ್ಚಿದಳು, ಹೋಗುತ್ತದೆ ಅಂದುಕೊಂಡಳು.

"ನನ್ನ ಅಪ್ಪನ ಹುಣ್ಣು ನೀನು ಒಣಗಿಸಿದಿ. ನಿನ್ನ ಮಾಂಯ್‌ಗೆ ನಾನು ಮಾಡಿಟ್ಟೆ," ಅಂದಳು. ನಾನು ಅವಳ ತೋಳು ಬಿಟ್ಟೆ. ಸಮಾಧಾನ ಮಾಡಲಿಲ್ಲ.

ಮಾಂಯ್‌ಗೆ ಕೊಳೆತ ಭಾಗ ಕತ್ತರಿಸಿ ತೆಗೆದರು. ಹತ್ತು ದಿನ ಕಳೆದ ಮೇಲೆ ಜುಬೈದ ಮೇಡಂ ನನ್ನನ್ನು ಆಫೀಸಿಗೆ ಕರೆದರು. ಮೇಜಿನ ಮೇಲೆ ಎರಡು ಕಾಗದ. ಒಂದು ನನ್ನ ಪತ್ರ, ಸಿಸ್ಟರ್ ಜೋಸ್ಫಿನ್ ಪಾಯ್ಸ್ ಮೂರು ತಿಂಗಳು ತೃಪ್ತಿಕರವಾಗಿ ಕೆಲಸ ಮಾಡಿದ್ದಾರೆ ಅಂತ. ಸೀಲ್ ಬಿದ್ದಿತ್ತು, ತಾರೀಕು ಮಾತ್ರ ಬಾಕಿ. ಅದನ್ನು ನೋಡಿ ನನಗೆ ಆಸೆಯಾಯಿತು, ಅದೂ ನಿಜ.

ಇನ್ನೊಂದರಲ್ಲಿ, ಕಂಪನಿ ಆರೈಕೆ ಶುರು ಮಾಡುವ ಮೊದಲೇ ರೋಗಿಗೆ ಹುಣ್ಣಿನ ತೊಂದರೆ ಇತ್ತು, ಕಂಪನಿಯ ಮೇಲೆ ಮನೆಯವರ ದೂರಿಲ್ಲ ಅಂತ ಇತ್ತು. ಕೆಳಗೆ ನನ್ನ ಸಹಿಗೆ ಜಾಗ.

"ಇದು ಸುಳ್ಳು ಮೇಡಂ. ಒಂದು ಗೀರು ಇರಲಿಲ್ಲ ಅವರ ಮೈಯಲ್ಲಿ."

ಜುಬೈದ ಮೇಡಂ ಫೈಲಿನಿಂದ ಹಳೇ ಫಾರ್ಮ್ ತೆಗೆದು ನನ್ನ ಕಡೆ ತಿರುಗಿಸಿದರು. ಸ್ಟೀಫನ್‌ನ ಚಂದದ ಅಕ್ಷರ. ಹೆಸರು, ವಯಸ್ಸು, ಕಾಯಿಲೆ, ಮಲಗಿದಲ್ಲಿ ಎಷ್ಟು ಕಾಲ: ಇಪ್ಪತ್ತೊಂದು ತಿಂಗಳು. ಅದರ ಕೆಳಗೆ, ಹಿಂದಿನ ಆರೈಕೆ: ಇಲ್ಲ.

ಎರಡೆರಡು ಸಲ ಓದಿದೆ. "ಇಪ್ಪತ್ತೊಂದು ತಿಂಗಳು ಆರೈಕೆ ಇಲ್ಲದೆ ಮಲಗಿದವರಿಗೆ ಹುಣ್ಣಾಗದೆ ಇರುತ್ತದಾ ಸಿಸ್ಟರ್?" ಅಂದರು ಮೇಡಂ. ಅವರ ದನಿಯಲ್ಲಿ ಕೊಂಕು ಇರಲಿಲ್ಲ. "ಹೀಗೇ ಅಂತ ಬರೆದದ್ದು ನಿಮ್ಮ ಯಜಮಾನರೇ. ನನ್ನ ಮೇಲೂ ಒಬ್ಬರು ಕೂತಿದ್ದಾರೆ. ಒಂದು ಸಹಿ ಹಾಕಿ, ಪತ್ರ ತಗೊಂಡು ಹೋಗಿ. ಖಲಾಸ್."

ನಾಳೆ ಹೇಳುತ್ತೇನೆ ಅಂತ ಎದ್ದು ಬಂದೆ.

ಸ್ಟೀಫನ್‌ನ ಮುಂದೆ ಆ ಫಾರ್ಮಿನ ಫೋಟೋ ಹಿಡಿದೆ. ಅವನು ಬಹಳ ಹೊತ್ತು ನೋಡಿದ. "ಆ ಕಾಲಂ ಅಂದರೆ ಸಂಬಳದ ಆರೈಕೆ ಅಂತ ತಿಳಿದೆ ಜೋಸ್ಫಿನ್. ನಮ್ಮ ಸರ್ವೇಗಳಲ್ಲಿ ಹಾಗೆಯೇ. ಮನೆಯವರು ಮಾಡಿದ್ದಕ್ಕೆ ಇಲ್ಲ ಅಂತಲೇ ಹಾಕುವುದು." ಆಮೇಲೆ ಮೆಲ್ಲ, "ಒಂದು ಸಹಿ ತಾನೆ? ಕಂಪನಿಯ ಫೈಲಿನಲ್ಲಿ ಬಿದ್ದಿರುತ್ತದೆ, ಯಾರು ಓದುತ್ತಾರೆ? ನಿನಗೆ ಕೆಲಸ ಸಿಗುತ್ತದೆ," ಅಂದ.

ನನಗೆ ಬೊಬ್ಬೆ ಹೊಡೆಯಲಿಕ್ಕೂ ಆಗಲಿಲ್ಲ. ಜೀವಮಾನದಲ್ಲಿ ಅದೊಂದೇ ಸಲ.

ಆ ಸಂಜೆ ಎಲ್ಸಿ ಫೋನ್ ಮಾಡಿದಳು. ಮೊದಲ ದಿನ ಚರ್ಮ ಚೆನ್ನಾಗಿತ್ತು ಅಂತ ಬರೆದು ಕೊಡುತ್ತೇನೆ ಅಂದಳು. ಬರೆದರೆ ಟಿಕ್‌ಗಳ ವಿಷಯವೂ ಬರೆಯಬೇಕು. ಅವಳ ಲೈಸೆನ್ಸ್ ಹೋದರೆ ಕರಾಮದ ಫ್ಲಾಟೂ ಹೋಗುತ್ತದೆ, ಥಾಮಸ್ ಅಂಕಲ್ ಎಲ್ಲಿಗೆ ಹೋಗುವುದು? ಅವರ ಸೊಂಟದ ಹೊಸ ಚರ್ಮ ಇನ್ನೂ ಕಾಗದದಷ್ಟು ತೆಳ್ಳಗಿತ್ತು. ಅದು ನಾನೇ ಬರಿಸಿದ ಚರ್ಮ. "ನೀನು ಬಾಯಿ ಮುಚ್ಚಿಕೊಂಡು ಅಪ್ಪನನ್ನು ನೋಡು," ಅಂತ ಹೇಳಿ ಫೋನ್ ಇಟ್ಟೆ. ಅವಳ ಮೇಲಿನ ಸಿಟ್ಟು ಇವತ್ತಿಗೂ ಇಳಿದಿಲ್ಲ.

ಮರುದಿನ ಜುಬೈದ ಮೇಡಂ ಪೆನ್ ಕೊಟ್ಟರು. ನಾನು ಆ ಹಳೇ ಫಾರ್ಮನ್ನು ಎಳೆದುಕೊಂಡು, ಇಲ್ಲ ಅನ್ನುವುದರ ಮೇಲೆ ಗೆರೆ ಹೊಡೆದು, ಪಕ್ಕದಲ್ಲಿ ಬರೆದೆ. ಸೊಸೆ ಜೋಸ್ಫಿನ್, ಸ್ಟಾಫ್ ನರ್ಸ್, ಇಪ್ಪತ್ತೊಂದು ತಿಂಗಳು, ಹುಣ್ಣು ಒಂದೂ ಇಲ್ಲ. ಕೆಳಗೆ ಸಹಿ ಹಾಕಿದೆ. ಅವರು ಕೊಟ್ಟ ಕಾಗದಕ್ಕೆ ಹಾಕಲಿಲ್ಲ.

"ಸಿಸ್ಟರ್, ಯೋಚಿಸಿ," ಅಂದರು. ಅವರ ಕಣ್ಣಲ್ಲಿ ನೀರಿತ್ತು, ಅದನ್ನೂ ಹೇಳಬೇಕು. ಆಮೇಲೆ ಸೀಲ್ ಬಿದ್ದ ನನ್ನ ಪತ್ರವನ್ನು ಡ್ರಾಯರಿನ ಒಳಗೆ ಇಟ್ಟರು. ಪತ್ರ ಇಲ್ಲದಿದ್ದರೆ ಥಾಮಸ್ ಅಂಕಲಿನ ಆ ಮೂರು ತಿಂಗಳೂ ಸೊನ್ನೆ.

ಮಾಂಯ್ ಜುಲೈ ಇಪ್ಪತ್ತೊಂಬತ್ತಕ್ಕೆ ಮನೆಗೆ ಬಂದರು. ಬೆನ್ನಿನಲ್ಲಿ ನನ್ನ ಮುಷ್ಟಿ ಹೋಗುವಷ್ಟು ಗುಂಡಿ. ಈಗ ಒಬ್ಬಳೇ ತಿರುಗಿಸಲಿಕ್ಕೆ ಆಗುವುದಿಲ್ಲ, ಇಬ್ಬರು ಬೇಕು. ಭಾನುವಾರ, ಮೂವತ್ತೊಂದನೇ ತಾರೀಕು, ಸ್ಟೀಫನ್ ಆಫೀಸಿಗೆ ರಜೆ ಹಾಕಿದ. ನಾನು ಕೇಳಿರಲಿಲ್ಲ. ಬೆಳಿಗ್ಗೆ ಆರಕ್ಕೆ ಮಂಚದ ಆ ಕಡೆ ಬಂದು ನಿಂತು, "ಎಲ್ಲಿ ಹಿಡಿಯಬೇಕು?" ಅಂತ ಕೇಳಿದ.

ಆರು, ಎಂಟು, ಹತ್ತು, ಹನ್ನೆರಡು. ಮಧ್ಯಾಹ್ನ ಎರಡರ ಸರದಿ ಮುಗಿಯುವಾಗ ಸೊಂಟ ಹಿಡಿದುಕೊಂಡು ಕುರ್ಚಿಯಲ್ಲಿ ಕೂತ. ನಾನು ಗಡಿಯಾರ ನೋಡುತ್ತಿದ್ದೆ. ಮೂರಕ್ಕೆ ಲೈಸೆನ್ಸ್ ಕಚೇರಿ ಬಾಗಿಲು ಹಾಕುತ್ತದೆ. ಮೂರಾಯಿತು. ನಾನು ಮಾಂಯ್‌ಯ ಕಾಲಿನ ಕೆಳಗಿನ ದಿಂಬು ಸರಿಮಾಡಿದೆ. ಹನ್ನೊಂದು ವರ್ಷದ ಐಸಿಯು ಅಲ್ಲಿಗೆ ಮುಗಿಯಿತು.

ಸ್ಟೀಫನ್ ನನ್ನನ್ನೇ ನೋಡು‌ತ್ತಿದ್ದ. "ದಿನಕ್ಕೆ ಹನ್ನೆರಡು ಸಲವಾ?" ಅಂತ ಕೇಳಿದ.

"ಹನ್ನೆರಡು."

"ರಾತ್ರಿ ಕೂಡ?"

"ರಾತ್ರಿ ಹುಣ್ಣಿಗೆ ರಜೆ ಉಂಟಾ?"

ಅವನ ತುಟಿ ಆಡುವುದು ಕಂಡಿತು. ಅಭ್ಯಾಸ ಬಿಡುತ್ತದಾ? ಲೆಕ್ಕ ಹಾಕುತ್ತಿದ್ದ. "ಏಳೂವರೆ ಸಾವಿರ," ಅಂದ ಕೊನೆಗೆ. "ಏಳೂವರೆ ಸಾವಿರ ಚಿಲ್ಲರೆ."

"ಚಿಲ್ಲರೆ ಅಂತ ಬಿಡಬೇಡ," ಅಂದೆ ನಾನು. "ದೇಶಕ್ಕೆಲ್ಲ ಸರಿಯಾಗಿ ಹೇಳುತ್ತೀಯಲ್ಲ, ನನಗೂ ಸರಿಯಾಗಿ ಹೇಳು."

ಫೋನ್ ತೆಗೆದ. ಆಗಸ್ಟ್ ಒಂದರಿಂದ ಏಪ್ರಿಲ್ ಮೂವತ್ತರ ತನಕ, ತಿಂಗಳು ತಿಂಗಳು ಹೆಸರು ಹೇಳಿ ಕೂಡಿಸಿದ. ಕಣ್ಣಿನಿಂದ ನೀರು ಇಳಿಯುತ್ತಿತ್ತು, ಒರೆಸಿಕೊಳ್ಳಲಿಲ್ಲ. "ಆರುನೂರ ಮೂವತ್ತೆಂಟು ದಿನ. ಏಳು ಸಾವಿರದ ಆರುನೂರ ಐವತ್ತಾರು."

"ತಪ್ಪು," ಅಂದೆ.

ಅವನು ತಲೆಯೆತ್ತಿದ.

"ಈ ವರ್ಷ ಫೆಬ್ರವರಿಗೆ ಇಪ್ಪತ್ತೊಂಬತ್ತು ದಿನ ಸ್ಟೀಫನ್. ಒಂದು ದಿನ ಅಂದರೆ ಸಣ್ಣ ಮಾತಲ್ಲ ಅಂತ ನೀನೇ ಇಲ್ಲಿ ಕೂತು ಹೇಳಿದ್ದೆ. ಆ ದಿನವೂ ನಾನು ತಿರುಗಿಸಿದ್ದೇನೆ. ಹನ್ನೆರಡು ಸೇರಿಸು."